ಸ್ಟಿಕ್ಕರಿನಡಿಯ ಡಾಕ್ಟರು

ಮುಂಬಯಿಯ ಗೋರೆಗಾಂವ್ ಸ್ಟೇಶನ್ನಿನ ಪಶ್ಚಿಮಕ್ಕೆ, ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಜ್ಯೋತ್ಸ್ನಾಳ ಫಿಸಿಯೋಥೆರಪಿ ಕ್ಲಿನಿಕ್ಕು. ಇರುವುದು ಒಂದೇ ಕೋಣೆ. ಅದರಲ್ಲಿ ಎರಡು ಮಂಚ, ಸೊಂಟ ಎಳೆಯುವ ಒಂದು ಯಂತ್ರ, ಗೋಡೆಗೆ ಬಡಿದ ಭುಜ ತಿರುಗಿಸುವ ಚಕ್ರ, ಮತ್ತು ಹೇಳಿದ ಹಾಗೆ ಯಾರೂ ಬಳಸದ ದೊಡ್ಡದೊಂದು ನೀಲಿ ಚೆಂಡು. ಹದಿನಾರು ವರ್ಷಗಳಿಂದ ಅವಳು ಅಲ್ಲಿ ಜನರ ಕೀಲುಗಳನ್ನು ದಾರಿಗೆ ತರುತ್ತಿದ್ದಾಳೆ. ಬರುವವರಲ್ಲಿ ಅರ್ಧಕ್ಕರ್ಧ ಹೋಟೆಲು ಕೆಲಸದ ನಮ್ಮ ಕರಾವಳಿಯ ಮಂದಿ. ದೋಸೆ ಹುಯ್ಯುವವರ ಭುಜ, ವೇಟರುಗಳ ಹಿಮ್ಮಡಿ, ಗಲ್ಲಾದ ಮೇಲೆ ಕೂತು ಕೂತು ಮರಗಟ್ಟಿದ ಧಣಿಗಳ ಕುತ್ತಿಗೆ. ನಾಲ್ಕೂವರೆ ವರ್ಷ ಡಿಗ್ರಿ, ಅದರ ಮೇಲೆ ಎರಡು ವರ್ಷ ಮಾಸ್ಟರ್ಸ್, ಹೆಣದ ಎದುರು ನಿಂತು ಕಲಿತ ಅಂಗರಚನೆ, ಫಿಸಿಯೋಥೆರಪಿ ಕೌನ್ಸಿಲ್ಲಿನಲ್ಲಿ ನೋಂದಣಿ. ಇಷ್ಟೆಲ್ಲ ಆದ ಮೇಲೂ ಕೆಳಗಿನ ವಾಚ್‌ಮನ್ ಪೇಶಂಟುಗಳಿಗೆ ದಾರಿ ತೋರಿಸುವುದು ಹೇಗೆ ಗೊತ್ತೇ? "ಮಾಲಿಶ್‌ವಾಲಿ ಮೇಡಂ? ಊಪರ್ ಜಾವ್."

ಅವನಿಗೆ ಜ್ಯೋತ್ಸ್ನಾ ನೂರು ಸಲ ತಿಳಿಸಿ ಹೇಳಿದ್ದಾಳೆ. ಅವನು ನೂರು ಸಲವೂ "ಹಾಂ ಹಾಂ" ಅಂದಿದ್ದಾನೆ.

ಮಗಳು ಡಾಕ್ಟರಾಗಬೇಕು ಎಂಬುದು ತಾಯಿ ವಾರಿಜಾಳ ಆಸೆ. ಗಂಡ ಬೇಗ ತೀರಿಕೊಂಡ ಮೇಲೆ ವಡಾಲದ ಚಾಳಿನ ಒಂದು ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವಳು ವಾರಿಜಾ. ಊರಿಂದ ಬಂದ ಹುಡುಗರಿಗೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಬಡಿಸಿ ಬಡಿಸಿ ಮಗಳನ್ನು ಓದಿಸಿದಳು. ಎಂಬಿಬಿಎಸ್ ಸೀಟು ಏಳು ಅಂಕದಲ್ಲಿ ತಪ್ಪಿದಾಗ ತಾಯಿ ಕೇಳಿದ್ದು ಒಂದೇ ಪ್ರಶ್ನೆ.

"ಈ ಫಿಸಿಯೋ ಅಂದ್ರೆ ಡಾಕ್ಟರೇ ಅಲ್ವಾ ಮಗಾ?"

"ಹೌದಮ್ಮ."

ಕ್ಲಿನಿಕ್ಕಿಗೆ ಬೋರ್ಡು ಬರೆಸಿದ ದಿನ ವಾರಿಜಾ ಪೇಂಟರನ ಪಕ್ಕದಲ್ಲೇ ನಿಂತಿದ್ದಳು. ಕನ್ನಡ ನಿಧಾನಕ್ಕೆ ಓದುತ್ತಾಳೆ, ಇಂಗ್ಲಿಷು ಒಂದಕ್ಷರ ಬಾರದು. "ಇದರಲ್ಲಿ ಡಾಕ್ಟರ್ ಎಲ್ಲುಂಟು?" ಎಂದು ಕೇಳಿದಳು. ಪೇಂಟರನು ಮೊದಲ ಎರಡು ಅಕ್ಷರ ತೋರಿಸಿದ. ವಾರಿಜಾ ಅವನ್ನು ಬೆರಳಿನಿಂದ ಅಂಗೈಯಲ್ಲಿ ನಾಲ್ಕು ಸಲ ಬರೆದುಕೊಂಡಳು. ಇಂಗ್ಲಿಷಿನಲ್ಲಿ ಅವಳಿಗೆ ಬರುವುದು ಇವತ್ತಿಗೂ ಆ ಎರಡೇ ಅಕ್ಷರ.

ಆ ಎರಡು ಅಕ್ಷರಕ್ಕೆ ಎಷ್ಟು ಕಾಟ ಕಾದಿತ್ತು ಎಂಬುದು ಅವತ್ತು ಇಬ್ಬರಿಗೂ ತಿಳಿದಿರಲಿಲ್ಲ.

ಜ್ಯೋತ್ಸ್ನಾ ಸುಮ್ಮನೆ ಕೂರುವ ಪೈಕಿ ಅಲ್ಲ. ಪಶ್ಚಿಮ ಉಪನಗರಗಳ ಫಿಸಿಯೋಗಳ ಅಸೋಸಿಯೇಷನ್ನಿಗೆ ಅವಳೇ ಕಾರ್ಯದರ್ಶಿ. ಹೆಸರಿಗೆ ಕಾರ್ಯದರ್ಶಿ, ಕೆಲಸಕ್ಕೆ ಗುಮಾಸ್ತೆ. ಆಸ್ಪತ್ರೆಗಳಲ್ಲಿ ಫಿಸಿಯೋ ಹುದ್ದೆ ಭರ್ತಿ ಮಾಡಿ ಎಂದು ಮನವಿ. ಡಾಕ್ಟರ ಚೀಟಿ ಇಲ್ಲದೆಯೂ ಪೇಶಂಟು ನಮ್ಮ ಬಳಿ ನೇರ ಬರಬಹುದು ಎಂದು ವಿಮಾ ಕಂಪನಿಗಳಿಗೆ ಮನವಿ. ಎಲ್ಲಕ್ಕಿಂತ ದೊಡ್ಡ ಸಿಟ್ಟು, ಆರು ವಾರದ ಕೋರ್ಸು ಮಾಡಿ, ಬಿಳಿ ಕೋಟು ತೊಟ್ಟು, ಜನರ ಮೂಳೆ ತಿರುಚುವವರ ಮೇಲೆ. ಅಂಥವರ ಪಟ್ಟಿ ಮಾಡಿ ಕೌನ್ಸಿಲ್ಲಿಗೆ ದೂರು ಕೊಡಬೇಕೆಂದು ನಮೂನೆಯನ್ನೂ ಅವಳೇ ತಯಾರಿಸಿದ್ದಳು. ಹೆಸರು, ವಿಳಾಸ, ಬಳಸುವ ಪದವಿ, ಯಾರಿಗೆ ಏನು ಹಾನಿಯಾಯಿತು, ದೂರುದಾರರ ಸಹಿ. ಆರು ವಾರದ ಸರ್ಟಿಫಿಕೇಟುಗಳಲ್ಲಿ ಹೆಚ್ಚಿನವು ಸೆವೆನ್ ಓಶನ್ಸ್ ಯುನಿವರ್ಸಿಟಿ ಎಂಬ ಒಂದೇ ಮೂಲದವು. ಆ ಯುನಿವರ್ಸಿಟಿ ಯಾವುದೋ ದ್ವೀಪದಲ್ಲಿದೆಯಂತೆ. ದ್ವೀಪವನ್ನು ಜ್ಯೋತ್ಸ್ನಾ ನಕಾಶೆಯಲ್ಲಿ ಹುಡುಕಿ ಸುಸ್ತಾಗಿದ್ದಳು.

ಹೀಗಿರುವಾಗ ಕಡಲತಡಿ ಸೇವಾ ಸಂಘದವರು ತಮ್ಮ ವಾರ್ಷಿಕೋತ್ಸವದಲ್ಲಿ ಅವಳನ್ನು ಸನ್ಮಾನಿಸುವುದೆಂದು ತೀರ್ಮಾನಿಸಿದರು. ಮುಂಬಯಿಯಲ್ಲಿ ನಮ್ಮವರು ಮೂರು ಜನ ಸೇರಿದರೆ ಒಂದು ಸಂಘ, ಸಂಘ ಆದಮೇಲೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಸನ್ಮಾನ ಪತ್ರ. ಅದಕ್ಕೂ ಮೊದಲು ಆಮಂತ್ರಣ ಪತ್ರಿಕೆ. ಸಂಘದ ಜೀವವೇ ಅದರಲ್ಲಿ. ಯಾರ ಫೋಟೋ ಎಷ್ಟು ದೊಡ್ಡದು, ಯಾರ ಹೆಸರಿನ ಮುಂದೆ ಏನೇನು ಇದೆ ಎಂದು ಜನ ಭೂತಕನ್ನಡಿ ಹಿಡಿದು ನೋಡುತ್ತಾರೆ. ವಾರಿಜಾ ಅಂಥ ಪತ್ರಿಕೆಗಳನ್ನು ಮೂವತ್ತು ವರ್ಷಗಳಿಂದ ಟ್ರಂಕಿನಲ್ಲಿ ಜೋಡಿಸಿಡುತ್ತಾ ಬಂದಿದ್ದಳು, ಬೇರೆಯವರ ಮಕ್ಕಳದ್ದು. ಈ ಸಲ ತನ್ನ ಮಗಳದ್ದು. ಸುದ್ದಿ ತಿಳಿದ ದಿನವೇ ಮಾಟುಂಗಾಕ್ಕೆ ಹೋಗಿ ಸೀರೆ ತಂದಳು.

ಸಂಘದ ಕಾರ್ಯದರ್ಶಿ ಚೆನ್ನಯ, ಬ್ಯಾಂಕಿನಿಂದ ನಿವೃತ್ತನಾದ ಮನುಷ್ಯ, 'ಡಾ. ಜ್ಯೋತ್ಸ್ನಾ' ಎಂದೇ ಅಚ್ಚು ಹಾಕಿಸಿದ. ಎಂಟುನೂರು ಪ್ರತಿ ಬಂದಿಳಿದವು. ಅಷ್ಟರಲ್ಲಿ ದಿಲ್ಲಿಯ ಪತ್ರದ ವಿಷಯ ಎದ್ದಿತು.

ಅದಕ್ಕೂ ಕೆಲವು ತಿಂಗಳು ಮೊದಲು ದಿಲ್ಲಿಯ ಆರೋಗ್ಯ ಇಲಾಖೆಯಿಂದ ಒಂದು ಪತ್ರ ಹೊರಟಿತ್ತು, ಫಿಸಿಯೋಗಳು ಹೆಸರಿನ ಮುಂದೆ 'ಡಾ.' ಹಾಕಬಾರದು ಎಂದು. ಗಲಾಟೆಯಾಯಿತು. ಬೆನ್ನಿಗೇ ಇನ್ನೊಂದು ಪತ್ರ ಬಂತು, ಮೊದಲಿನದನ್ನು ಹಿಂದಕ್ಕೆ ಪಡೆದಿದ್ದೇವೆ, ಇನ್ನೂ ಯೋಚಿಸಬೇಕು ಎಂದು. ಮೊದಲ ಪತ್ರವನ್ನು ಊರಿಗೆ ಊರೇ ವಾಟ್ಸಾಪಿನಲ್ಲಿ ಹಂಚಿತು. ಎರಡನೆಯದನ್ನು ಹಂಚಿದವಳು ಜ್ಯೋತ್ಸ್ನಾ ಒಬ್ಬಳೇ ಎನ್ನಬೇಕು. ಈಗ ಸಂಘದ ಗ್ರೂಪಿನಲ್ಲಿ ಆ ಮೊದಲ ಪತ್ರವನ್ನು ಮತ್ತೆ ಹಾಕಿದವನು ಡಾ. ಅಕ್ಷಯ. ಮೂಳೆ ಸರ್ಜನ್, ಸಂಘದವನೇ, ಸಮಾರಂಭದ ಮುಖ್ಯ ಅತಿಥಿ. ಹಾಕಿದ ಮೇಲೆ ಫೋನೂ ಮಾಡಿದ.

"ಜ್ಯೋತ್ಸ್ನಕ್ಕ, ಪ್ಲೀಸ್, ಪರ್ಸನಲ್ ತಗೊಳ್ಬೇಡಿ. ನನ್ನ ಎಲ್ಲ ನೀ ರಿಪ್ಲೇಸ್‌ಮೆಂಟ್ ಪೇಶಂಟ್ಸ್ ನಿಮ್ಮ ಹತ್ರಾನೇ ಕಳಿಸ್ತೇನೆ ಅಲ್ವಾ? ಬಟ್ ಕಾರ್ಡಿನಲ್ಲಿ ಇಬ್ರಿಗೂ ಸೇಮ್ ಟೈಟಲ್ ಅಂದ್ರೆ ಪಬ್ಲಿಕ್ ಕನ್‌ಫ್ಯೂಸ್ ಆಗ್ತದೆ."

"ನೀನು ಮಂಡಿ ಕೊಯ್ದು ಕಳಿಸ್ತಿ, ನಾನು ಅದನ್ನು ನಡೆಸಿ ಕಳಿಸ್ತೇನೆ. ಪಬ್ಲಿಕ್ಕಿಗೆ ಇದರಲ್ಲಿ ಎಂತ ಕನ್‌ಫ್ಯೂಸ್ ಮಾರಾಯಾ?"

"ಲೆಟರ್ ಉಂಟಲ್ಲ ಅಕ್ಕ."

"ವಾಪಸ್ ತಗೊಂಡ ಲೆಟರೂ ಉಂಟಲ್ಲ!"

"ಹೌದಾ? ಅದು ನಂಗೆ ಬರ್ಲಿಲ್ಲ."

ಸಂಘದವರಿಗೆ ಜಗಳ ಬೇಡ. ಚೆನ್ನಯ ಒಂದು ಉಪಾಯ ಮಾಡಿದ. ಬಿಳಿ ಸ್ಟಿಕ್ಕರು ತರಿಸಿ, ಎಂಟುನೂರು ಪತ್ರಿಕೆಗಳಲ್ಲಿ ಜ್ಯೋತ್ಸ್ನಾಳ 'ಡಾ.' ಮೇಲೆ ಒಂದೊಂದಾಗಿ ಅಂಟಿಸಿದ. ಸರಿಯಾಗಿ ಅದರ ಮೇಲಿನ ಸಾಲಿನಲ್ಲಿ, ಸ್ಟಿಕ್ಕರಿನ ಸೋಂಕಿಲ್ಲದೆ, ದಪ್ಪ ಅಕ್ಷರದಲ್ಲಿ ಸಂಘದ ಅಧ್ಯಕ್ಷರ ಹೆಸರು ಮೆರೆಯುತ್ತಿತ್ತು: ಡಾ. ದೂಜ ಸುವರ್ಣ.

ದೂಜಣ್ಣನ ಡಾಕ್ಟರೇಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಗ್ಲಾಸು ತೊಳೆಯುತ್ತ ಬೆಳೆದು ಮೂರು ಹೋಟೆಲು ಕಟ್ಟಿದ ಮನುಷ್ಯ. ಕೈ ಧಾರಾಳ, ಮನಸ್ಸು ಅದಕ್ಕಿಂತ ಧಾರಾಳ. ನಾಲ್ಕು ವರ್ಷಗಳ ಹಿಂದೆ ವಿಲೆ ಪಾರ್ಲೆಯಲ್ಲಿ ವಿಮಾನ ನಿಲ್ದಾಣದ ಹತ್ತಿರದ ಒಂದು ಹಾಲ್‌ನಲ್ಲಿ ಕರಿ ಗೌನು ತೊಡಿಸಿ, ತಲೆಗೆ ಚಪ್ಪಟೆ ಟೋಪಿ ಇಟ್ಟು, ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟರು. ಕೊಟ್ಟವರು ಯಾರು ಎಂದರೆ ಅದೇ ಸೆವೆನ್ ಓಶನ್ಸ್ ಯುನಿವರ್ಸಿಟಿ.

ದೂಜಣ್ಣ ಅವಳ ಪೇಶಂಟೂ ಹೌದು. ಭುಜ ಹಿಡಿದುಕೊಂಡು ಕೈ ಕಿವಿಯ ಮಟ್ಟಕ್ಕೆ ಏರುತ್ತಿರಲಿಲ್ಲ. ಸ್ಟಿಕ್ಕರು ಅಂಟಿಸಿದ ವಾರ ಅವನು ಬಂದಾಗ ಜ್ಯೋತ್ಸ್ನಾ ಆ ಕೈಯನ್ನು ಎಂದಿಗಿಂತ ನಾಲ್ಕು ಡಿಗ್ರಿ ಹೆಚ್ಚೇ ಎತ್ತಿದಳು.

"ಅಯ್ಯಯ್ಯೋ! ನಿಧಾನ ಮಗಾ!"

"ದೂಜಣ್ಣ, ನಿಮ್ಮ ಡಾ. ಯಾರೂ ಕೇಳುದಿಲ್ಲ. ನಂದಕ್ಕೆ ಸ್ಟಿಕ್ಕರ್. ಇದು ಯಾವ ನ್ಯಾಯ?"

ದೂಜಣ್ಣನಿಗೆ ನಿಜಕ್ಕೂ ಬೇಸರವಾಗಿತ್ತು. "ನನ್ನದು ಮದ್ದಿನ ಡಾಕ್ಟರ್ ಅಲ್ಲಲ್ಲ ಮಗಾ. ಆದಕಾರಣ ಯಾರಿಗೂ ತೊಂದರೆ ಇಲ್ಲ. ನಿಂದು ಮದ್ದಿನ ಹತ್ರ ಹತ್ರ ಬರ್ತದೆ, ಅದೇ ತೊಂದರೆ." ಆಮೇಲೆ ದನಿ ತಗ್ಗಿಸಿ, "ನೀನು ಹ್ಞೂಂ ಅಂದ್ರೆ ನಮ್ಮ ಯುನಿವರ್ಸಿಟಿಯಿಂದ ನಿಂಗೂ ಒಂದು ಮಾಡಿಸುವ. ಸಮಾಜ ಸೇವೆ ಅಂತ ಹಾಕಿದ್ರೆ ಆಯ್ತು. ಯಾವ ಅಕ್ಷಯನೂ ಬಾಯಿ ಬಿಡ್ಲಿಕ್ಕಿಲ್ಲ" ಅಂದ.

"ದೂಜಣ್ಣ, ಆ ಯುನಿವರ್ಸಿಟಿ ಮೇಲೆ ನಾನು ಕಂಪ್ಲೇಂಟ್ ಬರಿತಾ ಇದ್ದೇನೆ!"

"ಬರಿ ಮಗಾ, ಬರಿ. ಅದು ಬೇರೆ, ಇದು ಬೇರೆ."

ಆ ರಾತ್ರಿ ಅವಳು ಸಂಘಕ್ಕೆ ಮೂರು ಪುಟದ ಪತ್ರ ಬರೆದಳು. ದಿಲ್ಲಿಯ ಎರಡನೇ ಪತ್ರ, ತನ್ನ ಮಾರ್ಕ್ಸ್ ಕಾರ್ಡುಗಳು, ನೋಂದಣಿ ಪತ್ರ ಎಲ್ಲ ಲಗತ್ತಿಸಿದಳು. ಹತ್ತು ದಿನ ಕಳೆದು ಚೆನ್ನಯ ಹೊಸ ಪತ್ರಿಕೆಯ ಕಟ್ಟು ತಂದುಕೊಟ್ಟ. ಮತ್ತೆ ಅಚ್ಚಾಗಿತ್ತು! 'ಡಾ. ಜ್ಯೋತ್ಸ್ನಾ', ಸ್ಟಿಕ್ಕರು ಇಲ್ಲ, ಏನಿಲ್ಲ. ಅವಳಿಗಾದ ಖುಷಿ ಹೇಳತೀರದು. ಹದಿನಾರು ವರ್ಷದಲ್ಲಿ ಅವಳ ಒಂದು ಮನವಿಗೆ ಮೊದಲ ಸಲ ಉತ್ತರ ಬಂದಿತ್ತು. ಕ್ಲಿನಿಕ್ಕಿನ ಬಾಗಿಲು ಹಾಕಿ ನೀಲಿ ಚೆಂಡಿನ ಮೇಲೆ ಕೂತು ಅತ್ತೇಬಿಟ್ಟಳು. ಅಸೋಸಿಯೇಷನ್ ಗ್ರೂಪಿನಲ್ಲಿ ಪತ್ರಿಕೆಯ ಫೋಟೋ ಹಾಕಿ, 'ದಾಖಲೆ ಸಹಿತ ವಾದಿಸಿದರೆ ಸಮಾಜ ಒಪ್ಪುತ್ತದೆ' ಎಂದು ಬರೆದಳು. ನೂರಾ ನಲವತ್ತು ಹೆಬ್ಬೆರಳು ಬಂದವು. ಅಕ್ಷಯನೂ ಫೋನು ಮಾಡಿ, "ಕಂಗ್ರಾಟ್ಸ್ ಅಕ್ಕ, ಈಗ ಎಲ್ಲ ಕ್ಲಿಯರ್ ಆಯ್ತು" ಅಂದ. ಏನು ಕ್ಲಿಯರ್ ಆಯ್ತು ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ಕ್ಲಿಯರ್ ಆದದ್ದೇನು ಎಂದು ತಿಳಿದದ್ದು ಸಮಾರಂಭದ ದಿನ ಬೆಳಿಗ್ಗೆ. ವಾರಿಜಾ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಪಾಟಿನಿಂದ ಒಂದು ಕಟ್ಟು ಹಾಕಿಸಿದ ಸರ್ಟಿಫಿಕೇಟು ತೆಗೆದು ಮಗಳ ಮುಂದಿಟ್ಟಳು. ಬಂಗಾರದ ಅಂಚು, ಕೆಂಪು ಮೊಹರು. ಸೆವೆನ್ ಓಶನ್ಸ್ ಯುನಿವರ್ಸಿಟಿ. ಸಮಾಜ ಸೇವೆಗಾಗಿ ಗೌರವ ಡಾಕ್ಟರೇಟ್, ಜ್ಯೋತ್ಸ್ನಾಳಿಗೆ.

"ಇವತ್ತು ಸ್ಟೇಜಿನಲ್ಲಿ ದೂಜಣ್ಣ ಕೊಡ್ತಾರೆ. ನಿಂಗೆ ಮೊದ್ಲೇ ಒಮ್ಮೆ ತೋರಿಸುವ ಅಂತ."

ಜ್ಯೋತ್ಸ್ನಾ ಕಟ್ಟನ್ನು ಬೋರಲು ಹಾಕಿದಳು. "ಅಮ್ಮ! ಎಷ್ಟು ಕೊಟ್ಟೆ ಇದಕ್ಕೆ?"

"ಅದನ್ನು ಕೇಳ್ಬೇಡ."

"ಇದು ಸುಳ್ಳಮ್ಮ! ನಾನು ನಿಜವಾಗಿ ಓದಿದವಳು. ನನ್ನದು ನಿಜ!"

"ನಿಂದು ನಿಜ ಅಂತ ನಂಗೆ ಗೊತ್ತುಂಟು. ಅವರಿಗೆ ಗೊತ್ತಿಲ್ಲ. ನೀನು ಮೂರು ಪುಟ ಬರೆದಿ, ಒಬ್ಬನೂ ಓದ್ಲಿಲ್ಲ. ಇದು ಬರ್ತದೆ ಅಂತ ಗೊತ್ತಾದ ಮೇಲೆಯೇ ಕಾರ್ಡು ಮತ್ತೆ ಅಚ್ಚಾದದ್ದು. ಗೊತ್ತಾಗದವರಿಗೆ ಅವರಿಗೆ ಗೊತ್ತಾಗುವ ಹಾಗೆ ಹೇಳ್ಬೇಕಲ್ಲ ಮಗಾ." ವಾರಿಜಾ ಕಟ್ಟನ್ನು ಮತ್ತೆ ಮೇಲ್ಮುಖ ಮಾಡಿ ಇಟ್ಟಳು. "ಆ ಸ್ಟಿಕ್ಕರು ನೋಡಿ ನಂಗೆ ಎರಡು ದಿನ ಊಟ ಸೇರ್ಲಿಲ್ಲ."

ಇನ್ನು ಏನು ಹೇಳುವುದು? ಸಿಟ್ಟು ಮಾಡಬೇಕೆಂದರೆ ಎದುರಿಗೆ ಮಲ್ಲಿಗೆ ಮುಡಿದು ನಿಂತ ತಾಯಿ. ತೆಗೆದುಕೊಂಡರೆ ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ, ನಕಲಿ ಪದವಿಗಳ ವಿರುದ್ಧ ಹೋರಾಡುವ ಕಾರ್ಯದರ್ಶಿ ನಕಲಿ ಪದವಿ ಹಿಡಿದುಕೊಂಡು ನಗುತ್ತಿರುವ ಫೋಟೋ. ಬಿಟ್ಟರೆ ಎಂಟುನೂರು ಜನರೆದುರು ಅಮ್ಮನ ಮಾನ, ದೂಜಣ್ಣನ ಮಾನ ಎರಡೂ ಹೋಗುತ್ತವೆ. ಕಟ್ಟನ್ನು ಮಡಿಲಲ್ಲಿಟ್ಟುಕೊಂಡ ಅಮ್ಮನ ಜೊತೆ ಅವಳು ರಿಕ್ಷಾ ಹತ್ತಿ ಸಮಾರಂಭದ ಹಾಲಿಗೆ ಹೊರಟಳು.

ಶಾಲು ಹೊದೆಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ನಮ್ಮಲ್ಲಿ ಮನೆಯವರನ್ನೂ ಜೊತೆಗೆ ಕೂರಿಸುವ ಪದ್ಧತಿ, ಹಾಗಾಗಿ ಪಕ್ಕದ ಕುರ್ಚಿಯಲ್ಲಿ ವಾರಿಜಾ. ದೂಜಣ್ಣ ಬಂಗಾರದ ಅಂಚಿನ ಕಟ್ಟು ಎತ್ತಿಕೊಂಡು ಬಂದ. ಭುಜದ ನೋವಿಗೆ ಅದು ಎದೆಮಟ್ಟಕ್ಕೇ ನಿಂತಿತು. ಆ ಹೊತ್ತಿನಲ್ಲಿ ಜ್ಯೋತ್ಸ್ನಾಳಿಗೆ ಒಂದು ದಾರಿ ಹೊಳೆಯಿತು. ಚೆನ್ನಯನ ಕೈಯಿಂದ ಮೈಕು ತೆಗೆದುಕೊಂಡಳು.

"ನನಗೆ ನಾನು ಓದಿ ಪಡೆದ ಪದವಿ ಇದೆ, ನೋಂದಣಿಯೂ ಇದೆ. ಇನ್ನೊಂದು ಬೇಡ. ಇದರಲ್ಲಿ ಸಮಾಜ ಸೇವೆಗಾಗಿ ಎಂದು ಬರೆದಿದ್ದಾರೆ. ಈ ಹಾಲಿನಲ್ಲಿ ಕೂತ ಎಷ್ಟೋ ಜನಕ್ಕೆ ಇಪ್ಪತ್ತೆರಡು ವರ್ಷ ಅನ್ನ ಹಾಕಿದವಳು ನನ್ನ ಅಮ್ಮ. ಈ ಗೌರವ ಅವಳಿಗೆ ಸಲ್ಲಬೇಕು."

ಹೇಳಿ ಕಟ್ಟನ್ನು ತಾಯಿಯ ಮಡಿಲಲ್ಲಿಟ್ಟಳು. ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ವಾರಿಜಾಳ ಖಾನಾವಳಿಯ ಸಾರು ಉಂಡು ಇವತ್ತು ಧಣಿಗಳಾದವರು ಕಣ್ಣೊರೆಸಿಕೊಂಡರು. ವಾರಿಜಾ ಮೊದಲು ಕಕ್ಕಾಬಿಕ್ಕಿಯಾಗಿ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಜ್ಯೋತ್ಸ್ನಾಳಿಗೆ ತನ್ನ ಜಾಣತನದ ಮೇಲೆ ತನಗೇ ಮೆಚ್ಚುಗೆಯಾಯಿತು. ಅಮ್ಮನ ಮಾನ ಉಳಿಯಿತು, ದೂಜಣ್ಣನ ಮಾನ ಉಳಿಯಿತು, ತನ್ನ ಕೈ ಶುದ್ಧ.

"ಸರ್ಟಿಫಿಕೇಟಿನಲ್ಲಿ ನನ್ನ ಹೆಸರುಂಟಲ್ಲ ದೂಜಣ್ಣ?" ಎಂದು ಊಟದ ಸಾಲಿನಲ್ಲಿ ಕೇಳಿದಳು.

"ಅದೆಂತ ದೊಡ್ಡ ಮಾತು! ಎರಡು ದಿನದಲ್ಲಿ ಬದ್ಲಿ ಮಾಡಿ ಕಳಿಸ್ತಾರೆ."

ಜ್ಯೋತ್ಸ್ನಾಳಿಗೆ ತನ್ನ ನೋಂದಣಿಯಲ್ಲಿ ವಡಾಲದ ವಿಳಾಸವನ್ನು ಗೋರೆಗಾಂವಿಗೆ ಬದಲಾಯಿಸಲು ಹಿಡಿದ ಕಾಲ ನೆನಪಾಯಿತು. ದ್ವೀಪದವರ ಕೆಲಸ ಚುರುಕಾಗಿತ್ತು. ಮೂರನೇ ದಿನ 'ಡಾ. ವಾರಿಜಾ' ಕೊರಿಯರಿನಲ್ಲಿ ಬಂದು ಮನೆಯ ಹಾಲ್‌ನ ಗೋಡೆ ಏರಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಮೊದಲ ವಾರ ಬಿಲ್ಡಿಂಗಿನ ಹೆಂಗಸರು ಅಭಿನಂದಿಸಲು ಬಂದರು. ಎರಡನೇ ವಾರ ಅವರಲ್ಲೊಬ್ಬಳು ಕಟ್ಟು ನೋಡುತ್ತ, "ಡಾಕ್ಟರಮ್ಮ, ನನ್ನ ಮಂಡಿ ಸ್ವಲ್ಪ ನೋಡ್ತೀರಾ?" ಅಂದಳು. ವಾರಿಜಾಳಿಗೆ ಲಕ್ಕಿ ಸೊಪ್ಪು, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸುವುದು ಗೊತ್ತು. ಮೊದಲೂ ಗೊತ್ತಿತ್ತು. ಆದರೆ ಮೊದಲು ಅದು ಬರೀ ಎಣ್ಣೆ, ಈಗ ಡಾಕ್ಟರ ಎಣ್ಣೆ. ಜ್ಯೋತ್ಸ್ನಾ ಕ್ಲಿನಿಕ್ಕಿನಲ್ಲಿರುವ ಹೊತ್ತಿಗೆ, ಮಧ್ಯಾಹ್ನ ಮೂರರಿಂದ ಐದು, ಮನೆಯಲ್ಲಿ ಇನ್ನೊಂದು ಕ್ಲಿನಿಕ್ಕು ಶುರುವಾಯಿತು. ಮಗಳಿಗೆ ಏನೂ ತಿಳಿಯಲಿಲ್ಲ. ಪೇಶಂಟುಗಳು ಕಡಿಮೆಯಾಗುತ್ತಿದ್ದಾರೆ ಎಂಬುದಷ್ಟೇ ತಿಳಿಯಿತು. ದೂಜಣ್ಣನೂ ಮೂರು ವಾರದಿಂದ ಬಂದಿರಲಿಲ್ಲ.

ಒಂದು ದಿನ ಕರೆಂಟು ಹೋಗಿ ಅವಳು ಬೇಗ ಮನೆಗೆ ಬಂದಳು. ಬಾಗಿಲ ಹೊರಗೆ ಐದು ಜೊತೆ ಚಪ್ಪಲಿ. ಒಳಗೆ ಸೋಫಾದಲ್ಲಿ ಅಂಗಿ ಬಿಚ್ಚಿ ಕೂತ ದೂಜಣ್ಣ, ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತಿರುವ ತಾಯಿ.

"ದೂಜಣ್ಣ! ನಾನು ಹೇಳಿಕೊಟ್ಟ ವ್ಯಾಯಾಮ?"

"ನಿನ್ನಲ್ಲಿ ಬಂದ್ರೆ ನಾನೇ ಮಾಡ್ಬೇಕು ಮಗಾ. ಇಲ್ಲಿ ಸುಮ್ನೆ ಕೂತ್ರೆ ಆಯ್ತು." ಆಮೇಲೆ ತುಸು ನಾಚಿಕೊಂಡು, "ವ್ಯಾಯಾಮ ಸದ್ಯಕ್ಕೆ ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ" ಅಂದ.

ನಗಬೇಕೋ ಅಳಬೇಕೋ ತಿಳಿಯದೆ ಅವಳು ನಿಂತಿರುವಾಗ ಮೂಲೆಯಲ್ಲಿ ಕೂತಿದ್ದ ಕೆಳಗಿನ ಮಾಳಿಗೆಯ ಸೇವಂತಿ ಕಾಣಿಸಿದಳು. ಮಣಿಕಟ್ಟು ಮುರಿದು ಹದಿನೈದು ದಿನದ ಹಿಂದಷ್ಟೇ ಪ್ಲಾಸ್ಟರು ತೆಗೆಸಿದವಳು. ಜ್ಯೋತ್ಸ್ನಾ ಆ ಕೈ ಹಿಡಿದು ನೋಡಿದಳು. ಮಣಿಕಟ್ಟು ಬಾತು ಬದನೆಕಾಯಿಯಾಗಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ.

"ಯಾರು ಎಳೆದದ್ದು ಇದನ್ನು?"

ಸೇವಂತಿ ವಾರಿಜಾಳ ಮುಖ ನೋಡಿದಳು. "ಡಾಕ್ಟರಮ್ಮ ಮೊನ್ನೆ ಸ್ವಲ್ಪ ನೀವಿ ಎಳೆದ್ರು. ನೋವಾಯ್ತು, ಆದ್ರೂ ಸುಮ್ನಿದ್ದೆ. ಡಾಕ್ಟರೇ ಅಲ್ವಾ ಅಂತ."

ಆ ಕೈ ಚಪಾತಿ ಲಟ್ಟಿಸಿ ಹೊಟ್ಟೆ ಹೊರೆಯುವ ಕೈ. ಜ್ಯೋತ್ಸ್ನಾ ಆಗಲೇ ಸೇವಂತಿಯನ್ನು ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದಳು. ಮೂಳೆ ಜರುಗಿರಲಿಲ್ಲ, ಪುಣ್ಯ. ಆದರೆ ಮತ್ತೆ ಲಟ್ಟಣಿಗೆ ಹಿಡಿಯಲು ಮೂರು ತಿಂಗಳಾದರೂ ಬೇಕು.

ಹಿಂತಿರುಗಿ ಬಂದಾಗ ಮನೆ ಖಾಲಿಯಾಗಿತ್ತು. ವಾರಿಜಾ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸುತ್ತ ಕೂತಿದ್ದಳು.

"ಅಮ್ಮ, ನಿಂಗೆ ಯಾರು ಅಧಿಕಾರ ಕೊಟ್ಟದ್ದು?"

ವಾರಿಜಾ ಗೋಡೆಯ ಕಟ್ಟಿನ ಕಡೆ ಕೈ ತೋರಿಸಿದಳು. "ನೀನೇ ಕೊಟ್ಟದ್ದಲ್ವಾ. ಮೈಕಿನಲ್ಲಿ ಹೇಳಿ ಕೊಟ್ಟಿ. ಎಂಟುನೂರು ಜನ ಎದ್ದು ನಿಂತ್ರು."

ಜ್ಯೋತ್ಸ್ನಾ ಲ್ಯಾಪ್‌ಟಾಪ್ ತೆಗೆದು ಕೂತಳು. ದೂರಿನ ಪಟ್ಟಿಯಲ್ಲಿ ಹತ್ತು ಹೆಸರು ಆಗಲೇ ಇದ್ದವು. ಯಾರೂ ಪರಿಚಯದವರಲ್ಲ, ಬರೆಯುವುದು ಸುಲಭವಿತ್ತು. ಹನ್ನೊಂದನೆಯದನ್ನು ಟೈಪು ಮಾಡಲು ಅರ್ಧ ಗಂಟೆ ಹಿಡಿಯಿತು. ಹೆಸರು, ವಾರಿಜಾ. ವಿಳಾಸ, ತನ್ನದೇ ಮನೆಯ ವಿಳಾಸ. ಹಾನಿ, ಸೇವಂತಿಯ ಮಣಿಕಟ್ಟು. ಪ್ರಿಂಟು ತೆಗೆದು ತಾಯಿಯ ಮುಂದಿಟ್ಟಳು.

"ಇದು ಕೌನ್ಸಿಲ್ಲಿಗೆ ಹೋಗ್ತದೆ. ನಿನ್ನ ಹೆಸರುಂಟು ಇದರಲ್ಲಿ."

ವಾರಿಜಾ ಕನ್ನಡಕ ಹಾಕಿಕೊಂಡಳು. ಇಂಗ್ಲಿಷಿನ ಹಾಳೆ, ಅವಳಿಗೆ ಒಂದು ಸಾಲೂ ಅರ್ಥವಾಗುವಂತಿರಲಿಲ್ಲ. ಆದರೂ ಸಾಲು ಸಾಲಿಗೂ ಬೆರಳಿಟ್ಟು ಹುಡುಕಿದಳು. ಒಂದನೇ ಹೆಸರಿನಿಂದ ಹತ್ತನೆಯ ಹೆಸರಿನವರೆಗೆ ಎಲ್ಲರ ಮುಂದೆಯೂ ಆ ಎರಡಕ್ಷರ ಅವಳಿಗೆ ಸಿಕ್ಕಿತು. ಹನ್ನೊಂದರಲ್ಲಿ ಸಿಗಲಿಲ್ಲ.

"ನಂಗೆ ಮಾತ್ರ ಡಾಕ್ಟರ್ ಬಿಟ್ಟಿದ್ದಿ."

ಹೌದು, ಬಿಟ್ಟಿದ್ದಳು. 'ಬಳಸುವ ಪದವಿ' ಎಂಬ ಕಡೆ ಅವಳ ಬೆರಳು ಓಡಿರಲಿಲ್ಲ. ಅದಿಲ್ಲದೆ ದೂರು ನಿಲ್ಲುವುದೂ ಇಲ್ಲ.

"ಸೇವಂತಿಯ ಕೈ ನಾನೇ ಹಾಳು ಮಾಡಿದ್ದು. ತಪ್ಪು ನಂದು. ಬರಿಯುವುದಾದ್ರೆ ಸರಿಯಾಗಿ ಬರಿ," ಎಂದಳು ವಾರಿಜಾ. ಕಣ್ಣು ತುಂಬಿತ್ತು, ದನಿ ಗಟ್ಟಿಯಿತ್ತು.

ಜ್ಯೋತ್ಸ್ನಾ ಪೆನ್ನಿನಿಂದ ಹನ್ನೊಂದನೇ ಸಾಲಿನಲ್ಲಿ ಎರಡಕ್ಷರ ಸೇರಿಸಿದಳು. ಆಮೇಲೆ ಕೆಳಗೆ ದೂರುದಾರರ ಜಾಗದಲ್ಲಿ ಸಹಿ ಹಾಕಿದಳು, ಬರೀ ಜ್ಯೋತ್ಸ್ನಾ ಎಂದು. ದಿಲ್ಲಿಯವರು ಇನ್ನೂ ಯೋಚಿಸುತ್ತಿದ್ದರು, ಸುಮ್ಮನೆ ಯಾಕೆ ಇನ್ನೊಂದು ತಕರಾರು ಅನ್ನಿಸಿತ್ತು.

ವಾರಿಜಾ ಸಹಿಯ ಮೇಲೂ ಬೆರಳಿಟ್ಟಳು. ಅಲ್ಲೂ ಹುಡುಕಿದಳು.

"ಪೆನ್ನು ಕೊಡು ಇಲ್ಲಿ."

ಕೈಯ ಎಣ್ಣೆಯನ್ನು ಇನ್ನೊಮ್ಮೆ ಸೆರಗಿಗೆ ಒರೆಸಿಕೊಂಡು, ಮೊದಲು ಅಂಗೈಯಲ್ಲಿ ಒಂದು ಸಲ ಬರೆದು ನೋಡಿ, ಮಗಳ ಹೆಸರಿನ ಮುಂದೆ ಆ ಎರಡು ಅಕ್ಷರಗಳನ್ನು ವಾರಿಜಾ ತಾನೇ ಬರೆದಳು.